ಮಾಗಡಿ ಕೆರೆಯ ಹೆಬ್ಬಾತುಗಳ ಆಹಾರ

ಮಾಗಡಿ ಕೆರೆಯು ಕರ್ನಾಟಕದ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಗ್ರಾಮದಲ್ಲಿರುವ ಮಾನವ ನಿರ್ಮಿತ ಜಲಾಶಯ. ಪ್ರತಿವರ್ಷ ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳಿಗೆ ಇದು ದಕ್ಷಿಣ ಭಾರತದ ಪ್ರಮುಖ ತಂಗುದಾಣವಾಗಿದೆ. ಈ ಹಕ್ಕಿಗಳು ನೀರಿನ ಮೇಲೆ ಕಾಣಿಸಿಕೊಳ್ಳುವುದರಿಂದ ಕೆರೆಯ ಮೀನನ್ನು ತಿಂದು ಬದುಕುತ್ತವೆ ಎಂಬ ನಂಬಿಕೆ ಕೆಲವೆಡೆ ಪ್ರಚಲಿತವಾಗಿದೆ. ಅದು ಸರಿಯಲ್ಲ. ಹೆಬ್ಬಾತುಗಳು ಮುಖ್ಯವಾಗಿ ಸಸ್ಯಾಹಾರಿಗಳು. ಕೆರೆಯು ಅವುಗಳ ವಿಶ್ರಾಂತಿಯ ತಾಣ. ಆಹಾರದ ಬಹುಭಾಗವನ್ನು ಅವು ಸುತ್ತಲಿನ ಹೊಲಗಳಲ್ಲಿ ಮತ್ತು ಹುಲ್ಲುಗಾವಲುಗಳಲ್ಲಿ ಪಡೆಯುತ್ತವೆ. ಈ ವ್ಯತ್ಯಾಸವು ಹಕ್ಕಿಗಳ ಸಂರಕ್ಷಣೆಗೂ ರೈತರ ಹಿತಕ್ಕೂ ನೇರವಾಗಿ ಸಂಬಂಧಿಸಿದೆ. ಹಾರುವ ಹಕ್ಕಿಯೊಂದು ಏನನ್ನು ತಿಂದಿದೆ ಎಂಬುದನ್ನು ಅದಕ್ಕೆ ಹಾನಿ ಮಾಡದೆ ತಿಳಿಯಲು ವಿಜ್ಞಾನಿಗಳು ಹಲವು ವಿಧಾನಗಳನ್ನು ರೂಪಿಸಿದ್ದಾರೆ.

ಕೆರೆ ಮತ್ತು ಅದರ ಪರಿಸರ

ಮಾಗಡಿ ಕೆರೆಯು ಗದಗ-ಬೆಟಗೇರಿ ಅವಳಿ ನಗರದಿಂದ ಸುಮಾರು 26 ಕಿ.ಮೀ., ಲಕ್ಷ್ಮೇಶ್ವರದಿಂದ ಸುಮಾರು 11 ಕಿ.ಮೀ. ಮತ್ತು ಶಿರಹಟ್ಟಿಯಿಂದ ಸುಮಾರು 8 ಕಿ.ಮೀ. ದೂರದಲ್ಲಿದೆ. ಬೆಂಗಳೂರು ಸಮೀಪದ ಮಾಗಡಿ ಪಟ್ಟಣಕ್ಕೂ ಈ ಗ್ರಾಮಕ್ಕೂ ಸಂಬಂಧವಿಲ್ಲ. ಮಳೆಯ ನೀರನ್ನು ಸಂಗ್ರಹಿಸಿ ನೀರಾವರಿಗೆ ಬಳಸುವ ಉದ್ದೇಶದಿಂದ ನಿರ್ಮಿಸಿದ ಈ ಕೆರೆಯ ವಿಸ್ತೀರ್ಣ ಸುಮಾರು 50 ಹೆಕ್ಟೇರ್. ಇಲ್ಲಿ 166ಕ್ಕೂ ಹೆಚ್ಚು ಜಾತಿಯ ಪಕ್ಷಿಗಳು ದಾಖಲಾಗಿದ್ದು, ಅವುಗಳಲ್ಲಿ 130 ಜಾತಿಗಳು ವಲಸೆ ಬರುವಂಥವು. ಚಳಿಗಾಲದಲ್ಲಿ ಸುಮಾರು 8,000 ಹಕ್ಕಿಗಳು ಇಲ್ಲಿ ಸೇರುತ್ತವೆ. ಸಂರಕ್ಷಣಾ ಮೀಸಲು ಪ್ರದೇಶವಾದ ಈ ಕೆರೆಯನ್ನು 2024ರ ಜನವರಿಯಲ್ಲಿ ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ ಹಾಗೂ ಅಘನಾಶಿನಿ ಅಳಿವೆಯೊಂದಿಗೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಅದಕ್ಕೂ ಮುನ್ನ ಕರ್ನಾಟಕದಲ್ಲಿ ರಂಗನತಿಟ್ಟು ಮಾತ್ರ ಈ ಪಟ್ಟಿಯಲ್ಲಿತ್ತು.

ಕೆರೆಯ ಸುತ್ತಲಿನ ಭೂಮಿ ಬಹುಪಾಲು ಮಳೆಯಾಶ್ರಿತ. ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ ಮತ್ತು ಮುಂಡರಗಿ ತಾಲ್ಲೂಕುಗಳಲ್ಲಿ ಎರೆ ಮಣ್ಣಿನ ಹೊಲಗಳೂ ಮಸಾರಿ ಹೊಲಗಳೂ ಇವೆ. ಮುಂಗಾರಿನಲ್ಲಿ ಹೆಸರು, ಶೇಂಗಾ, ಗೋವಿನಜೋಳ, ಈರುಳ್ಳಿ, ಮೆಣಸಿನಕಾಯಿ ಮತ್ತು ಹತ್ತಿಯನ್ನು ಬೆಳೆಯುತ್ತಾರೆ. ಹಿಂಗಾರಿನಲ್ಲಿ ಕಡಲೆ, ಬಿಳಿಜೋಳ, ಗೋದಿ, ಕುಸುಬೆ ಮತ್ತು ಸೂರ್ಯಕಾಂತಿ ಬೆಳೆಗಳಿರುತ್ತವೆ. ಹೆಬ್ಬಾತುಗಳು ಬರುವ ಕಾಲವೂ ಹಿಂಗಾರಿನ ಬೆಳೆಗಳು ಹೊಲದಲ್ಲಿರುವ ಕಾಲವೂ ಒಂದೇ. ಮಾಗಡಿಯು ಇವುಗಳಿಗೆ ಒಗ್ಗಲು ಇದೂ ಒಂದು ಕಾರಣ.

ಹಕ್ಕಿಯ ಪರಿಚಯ

ಪಟ್ಟೆತಲೆಯ ಹೆಬ್ಬಾತಿನ ವೈಜ್ಞಾನಿಕ ಹೆಸರು ಆನ್ಸರ್ ಇಂಡಿಕಸ್. ಬಿಳಿಯ ತಲೆಯ ಹಿಂಭಾಗದಲ್ಲಿರುವ ಎರಡು ಕಪ್ಪು ಪಟ್ಟೆಗಳಿಂದ ಇದನ್ನು ಸುಲಭವಾಗಿ ಗುರುತಿಸಬಹುದು. ದೇಹ ತಿಳಿಬೂದು ಬಣ್ಣದ್ದು. ಕೊಕ್ಕು ಮತ್ತು ಕಾಲುಗಳು ಹಳದಿ ಮಿಶ್ರಿತ ಕಿತ್ತಳೆ ಬಣ್ಣದವು. ಪ್ರೌಢ ಹಕ್ಕಿಯ ತೂಕ ಸಾಮಾನ್ಯವಾಗಿ 2ರಿಂದ 3 ಕಿ.ಗ್ರಾಂ. ಮಂಗೋಲಿಯಾ, ಚೀನಾದ ಚಿಂಗ್‌ಹಾಯ್ ಪ್ರದೇಶ, ಟಿಬೆಟ್, ಕಿರ್ಗಿಸ್ತಾನ ಮತ್ತು ಲಡಾಖ್‌ನ ಎತ್ತರದ ಸರೋವರಗಳ ಬಳಿ ಇವು ಬೇಸಿಗೆಯಲ್ಲಿ ಮರಿಮಾಡುತ್ತವೆ. ಅಲ್ಲಿ ನೀರು ಹೆಪ್ಪುಗಟ್ಟಿ ಹುಲ್ಲು ಹಿಮದಡಿ ಸೇರುವ ಹೊತ್ತಿಗೆ ದಕ್ಷಿಣಕ್ಕೆ ಹೊರಡುತ್ತವೆ. ಮಾಗಡಿಯಲ್ಲಿ ಇವು ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ ಕಾಣಿಸಿಕೊಂಡು ಬಿಸಿಲು ಏರುವ ಮುನ್ನ ಮರಳುತ್ತವೆ.

ಕೊಕ್ಕು ಮತ್ತು ಜೀರ್ಣಕ್ರಿಯೆ

ಹಕ್ಕಿಯ ಆಹಾರದ ಮೊದಲ ಸುಳಿವು ಅದರ ಕೊಕ್ಕಿನಲ್ಲಿಯೇ ಸಿಗುತ್ತದೆ. ಮೀನು ಹಿಡಿಯುವ ಹಾವಕ್ಕಿಯ ಕೊಕ್ಕು ಭರ್ಚಿಯಂತೆ ಚೂಪಾಗಿರುತ್ತದೆ. ಹೆಬ್ಬಾತಿನ ಕೊಕ್ಕು ಗಿಡ್ಡ, ಬುಡದಲ್ಲಿ ದಪ್ಪ. ಅದರ ಅಂಚಿನುದ್ದಕ್ಕೂ ಗರಗಸದ ಹಲ್ಲುಗಳಂಥ ಏಣುಗಳಿವೆ. ಇವುಗಳ ನೆರವಿನಿಂದ ಹಕ್ಕಿ ಹುಲ್ಲನ್ನು ಕಚ್ಚಿ ಕತ್ತರಿಸುತ್ತದೆ, ಗಡ್ಡೆಯನ್ನು ಕೀಳುತ್ತದೆ, ಕಾಳನ್ನು ಆರಿಸುತ್ತದೆ. ಕಾಲುಗಳು ಬಾತುಕೋಳಿಯ ಕಾಲುಗಳಿಗಿಂತ ದೇಹದ ನಡುಭಾಗಕ್ಕೆ ಹತ್ತಿರವಾಗಿರುವುದರಿಂದ ನೆಲದ ಮೇಲೆ ಬಹುದೂರ ನಡೆದು ಮೇಯಲು ಸಾಧ್ಯವಾಗುತ್ತದೆ.

ಹೆಬ್ಬಾತಿಗೆ ಹಲ್ಲುಗಳಿಲ್ಲ. ಅದು ನುಂಗಿದ ಮರಳು ಮತ್ತು ಸಣ್ಣ ಹರಳುಗಳು ಸ್ನಾಯುಭರಿತವಾದ ಜಠರದಲ್ಲಿ ಉಳಿದು ಬೀಸುವ ಕಲ್ಲಿನಂತೆ ಆಹಾರವನ್ನು ಅರೆಯುತ್ತವೆ. ದನ, ಕುರಿಗಳಂತೆ ಮೆಲುಕು ಹಾಕುವ ವ್ಯವಸ್ಥೆ ಇದಕ್ಕಿಲ್ಲ. ಆದ್ದರಿಂದ ಎಲೆಯ ನಾರನ್ನು ಇದು ಬಹಳ ಕಡಿಮೆ ಮಾತ್ರ ಜೀರ್ಣಿಸಿಕೊಳ್ಳುತ್ತದೆ. ಸಾರವನ್ನು ಹೀರಿ ಉಳಿದುದನ್ನು ಬೇಗನೆ ಹೊರಹಾಕುತ್ತದೆ. ಮೇಯುತ್ತಿರುವ ಹೆಬ್ಬಾತುಗಳು ಕೆಲವೇ ನಿಮಿಷಗಳಿಗೊಮ್ಮೆ ಹಿಕ್ಕೆ ಹಾಕುತ್ತವೆ. ಅರ್ಧಂಬರ್ಧ ಜೀರ್ಣವಾದ ಈ ಹಿಕ್ಕೆಯೇ ವಿಜ್ಞಾನಿಗಳಿಗೆ ದೊರೆಯುವ ಮುಖ್ಯ ಸಾಕ್ಷ್ಯ.

ಚಳಿಗಾಲದ ಆಹಾರ

ಎತ್ತರದ ಪ್ರದೇಶಗಳಲ್ಲಿ ಇವುಗಳ ಆಹಾರ ಹುಲ್ಲು, ಜೇಕು ಜಾತಿಯ ಸಸ್ಯಗಳು ಮತ್ತು ಜಲಸಸ್ಯಗಳು. ಟಿಬೆಟ್‌ನ ನದೀ ಕಣಿವೆಗಳಲ್ಲಿ ಚಳಿಗಾಲ ಕಳೆಯುವ ಹೆಬ್ಬಾತುಗಳು ಕೊಯ್ಲಾದ ಹೊಲಗಳಲ್ಲಿ ಉದುರಿದ ಬಾರ್ಲಿಯನ್ನೂ ಗೋದಿಯ ಎಳೆಯ ಪೈರನ್ನೂ ತಿನ್ನುತ್ತವೆ. ದಖನ್ನಿನ ಬಯಲಿನಲ್ಲಿಯೂ ಇದೇ ಕ್ರಮ ಮುಂದುವರಿಯುತ್ತದೆ. ಬೆಳೆಗಳು ಮಾತ್ರ ಬೇರೆ. ಶೇಂಗಾ ಕಿತ್ತ ಹೊಲದಲ್ಲಿ ಮಣ್ಣಿನೊಳಗೆ ಉಳಿದ ಕಾಯಿಗಳು, ಕಡಲೆ ಮತ್ತು ಇತರ ಬೆಳೆಗಳ ಎಳೆಯ ಚಿಗುರು, ರಾಶಿಯ ನಂತರ ಉದುರಿದ ಕಾಳುಗಳು, ಕೆರೆಯ ಅಂಚಿನ ಹುಲ್ಲು ಮತ್ತು ಜೇಕಿನ ಗಡ್ಡೆಗಳು ಇವುಗಳಿಗೆ ಆಹಾರ ಒದಗಿಸುತ್ತವೆ. ಅಪರೂಪಕ್ಕೆ ಸಣ್ಣ ಕೀಟಗಳೂ ಇತರ ಅಕಶೇರುಕಗಳೂ ಹೊಟ್ಟೆ ಸೇರುವುದುಂಟು.

ಭಾರತದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಗಲಿನ ಬಹುಭಾಗವನ್ನು ಕೆರೆಗಳ ನೀರಿನಲ್ಲಿ ಅಥವಾ ನದಿಯ ಮರಳದಿಬ್ಬಗಳ ಮೇಲೆ ಕಳೆದು ಸಂಜೆ, ರಾತ್ರಿ ಮತ್ತು ನಸುಕಿನಲ್ಲಿ ಮೇಯಲು ಹೋಗುತ್ತವೆ. ಜನಸಂಚಾರ ಹೆಚ್ಚಿರುವ ಪ್ರದೇಶಗಳಲ್ಲಿ ರಾತ್ರಿಯ ಮೇವು ಅವುಗಳಿಗೆ ಸುರಕ್ಷಿತ. ಹಗಲು ಬಂದ ಪ್ರವಾಸಿಗೆ ನೀರಿನ ಮೇಲಿನ ಹಕ್ಕಿ ಮಾತ್ರ ಕಾಣುವುದರಿಂದ, ಮೀನು ತಿನ್ನುತ್ತದೆ ಎಂಬ ಊಹೆ ಹುಟ್ಟಿಕೊಳ್ಳುವುದು ಸಹಜ.

ಆಹಾರದ ಪೌಷ್ಟಿಕತೆಯೂ ಗಮನಾರ್ಹ. ಶೇಂಗಾ ಕಾಳಿನಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೂ ಕಾಲುಭಾಗದಷ್ಟು ಪ್ರೋಟೀನೂ ಇರುತ್ತವೆ. ಕಡಲೆಯಲ್ಲಿ ಪ್ರೋಟೀನು ಶೇ. 20ರಷ್ಟಿದೆ. ಜೋಳದಲ್ಲಿ ಪಿಷ್ಟವೇ ಪ್ರಧಾನ. ಮರುಪ್ರಯಾಣಕ್ಕೆ ಮುನ್ನ ಹಕ್ಕಿಗಳು ದೇಹದಲ್ಲಿ ಕೊಬ್ಬನ್ನು ಕೂಡಿಡಬೇಕಾಗುತ್ತದೆ; ಹಿಮಾಲಯದ ಏರಿಕೆಯಲ್ಲಿ ಖರ್ಚಾಗುವ ಇಂಧನ ಅದೇ. ಮಾಗಡಿಯ ಸುತ್ತಲಿನ ಹೊಲಗಳಲ್ಲಿ ಬಿದ್ದ ಕಾಳಿಗೂ ಸಾವಿರಾರು ಕಿಲೋಮೀಟರ್ ದೂರದ ಸರೋವರದಲ್ಲಿ ಇಡುವ ಮೊಟ್ಟೆಗೂ ಈ ರೀತಿ ಸಂಬಂಧವಿದೆ.

ಒಂದೇ ಕೆರೆ, ಬೇರೆ ಬೇರೆ ಆಹಾರ

ಕೆರೆಯಲ್ಲಿ ಹೆಬ್ಬಾತುಗಳ ಜೊತೆಗಿರುವ ಎಲ್ಲ ಹಕ್ಕಿಗಳ ಆಹಾರವೂ ಒಂದೇ ಅಲ್ಲ. ಹಾವಕ್ಕಿ ಮತ್ತು ನದಿ ರೀವಗಳು ಮೀನು ಹಿಡಿಯುತ್ತವೆ. ಬಣ್ಣದ ಕೊಕ್ಕರೆಯು ಅರೆತೆರೆದ ಕೊಕ್ಕನ್ನು ಆಳವಿಲ್ಲದ ನೀರಿನಲ್ಲಿ ಆಡಿಸಿ, ತಗುಲಿದ ಮೀನನ್ನು ಹಿಡಿಯುತ್ತದೆ. ಕರಿತಲೆಯ ಕೆಂಬರಲು ಕೆಸರಿನಲ್ಲಿ ಕಪ್ಪೆ, ಹುಳು, ಬಸವನಹುಳುಗಳನ್ನು ಹುಡುಕುತ್ತದೆ. ಚಲುಕದ ಬಾತು ತನ್ನ ಅಗಲವಾದ ಕೊಕ್ಕಿನಿಂದ ನೀರನ್ನು ಸೋಸಿ ಸೂಕ್ಷ್ಮಜೀವಿಗಳನ್ನೂ ಬೀಜಗಳನ್ನೂ ಪಡೆಯುತ್ತದೆ. ಆಹಾರ ಬೇರೆಯಾಗಿರುವುದರಿಂದಲೇ ಇಷ್ಟು ಚಿಕ್ಕ ಕೆರೆಯಲ್ಲಿ ಸಾವಿರಾರು ಹಕ್ಕಿಗಳು ಹೆಚ್ಚಿನ ಪೈಪೋಟಿಯಿಲ್ಲದೆ ಇರಲು ಸಾಧ್ಯವಾಗಿದೆ.

ಅಧ್ಯಯನದ ವಿಧಾನಗಳು

ಹಿಂದಿನ ಕಾಲದಲ್ಲಿ ಹಕ್ಕಿಯನ್ನು ಗುಂಡಿಕ್ಕಿ ಕೊಂದು, ಹೊಟ್ಟೆಯನ್ನು ಸೀಳಿ ಆಹಾರವನ್ನು ಪರೀಕ್ಷಿಸುತ್ತಿದ್ದರು. ಈಗ ಸಹಜವಾಗಿ ಅಥವಾ ಅಪಘಾತದಲ್ಲಿ ಸತ್ತ ಹಕ್ಕಿಗಳಿಗೆ ಮಾತ್ರ ಈ ಪರೀಕ್ಷೆ ಸೀಮಿತವಾಗಿದೆ. ಜೀವಂತ ಹಕ್ಕಿಗಳ ಆಹಾರವನ್ನು ತಿಳಿಯಲು ಕೆಳಗಿನ ವಿಧಾನಗಳು ಬಳಕೆಯಲ್ಲಿವೆ.

ನೇರ ವೀಕ್ಷಣೆ: ವೀಕ್ಷಕರು ದೂರದರ್ಶಕದ ಮೂಲಕ ಹಿಂಡನ್ನು ನಿಗದಿತ ಅವಧಿಗೊಮ್ಮೆ ಗಮನಿಸಿ, ಎಷ್ಟು ಹಕ್ಕಿಗಳು ಮೇಯುತ್ತಿವೆ, ಎಷ್ಟು ಮಲಗಿವೆ, ಎಷ್ಟು ಕತ್ತೆತ್ತಿ ಕಾವಲಿವೆ ಎಂಬುದನ್ನು ದಾಖಲಿಸುತ್ತಾರೆ. ಒಂದು ನಿಮಿಷಕ್ಕೆ ಎಷ್ಟು ಬಾರಿ ಕೊಕ್ಕಿಕ್ಕುತ್ತವೆ ಎಂಬುದನ್ನೂ ಎಣಿಸಬಹುದು. ಖರ್ಚು ಕಡಿಮೆ; ವಿದ್ಯಾರ್ಥಿಗಳೂ ಮಾಡಬಹುದು. ಆದರೆ ರಾತ್ರಿ ಮೇಯುವ ಹಕ್ಕಿಗೆ ಈ ವಿಧಾನವೊಂದೇ ಸಾಲದು.

ಹಿಕ್ಕೆಯ ಸೂಕ್ಷ್ಮದರ್ಶಕ ಪರೀಕ್ಷೆ: ಎಲೆಯ ಹೊರಪದರ ಹೆಬ್ಬಾತಿನ ಹೊಟ್ಟೆಯಲ್ಲಿ ಸುಲಭವಾಗಿ ಕರಗುವುದಿಲ್ಲ. ಒಣಗಿಸಿದ ಹಿಕ್ಕೆಯನ್ನು ತೊಳೆದು, ಬಣ್ಣ ತೆಗೆದು ಸೂಕ್ಷ್ಮದರ್ಶಕದಡಿ ನೋಡಿದರೆ ಆ ಪದರದ ಚೂರುಗಳು ಕಾಣುತ್ತವೆ. ಜೋಳ, ಗೋದಿ, ಹುಲ್ಲುಗಳ ಜೀವಕೋಶಗಳು ಉದ್ದವಾಗಿ ಸಾಲುಸಾಲಾಗಿರುತ್ತವೆ. ಅವುಗಳ ಪತ್ರರಂಧ್ರದ ಕಾವಲುಕೋಶಗಳು ಡಂಬೆಲ್ ಆಕಾರದವು. ಕಡಲೆ, ಹೆಸರು, ಶೇಂಗಾದಂಥ ದ್ವಿದಳ ಸಸ್ಯಗಳ ಕೋಶಗಳ ಅಂಚು ಅಂಕುಡೊಂಕು. ಕಾವಲುಕೋಶಗಳು ಮೂತ್ರಪಿಂಡದ ಆಕಾರದವು. ಕಡಲೆ ಗಿಡಕ್ಕೆ ಹುಳಿಯನ್ನು ಸ್ರವಿಸುವ ಗ್ರಂಥಿರೋಮಗಳೂ ಇವೆ. ಸ್ಥಳೀಯ ಸಸ್ಯಗಳ ಮಾದರಿ ಗಾಜುಪಟ್ಟಿಗಳನ್ನು ಮೊದಲೇ ತಯಾರಿಸಿಟ್ಟುಕೊಂಡು, ಹಿಕ್ಕೆಯ ಚೂರುಗಳನ್ನು ಅವುಗಳೊಂದಿಗೆ ಹೋಲಿಸಿ ಎಣಿಸುತ್ತಾರೆ. ಇದರ ದೋಷವೆಂದರೆ, ಸಿಪ್ಪೆ ಕಳೆದ ಶೇಂಗಾ ಕಾಳಿನಂಥ ಮೆದು ಆಹಾರ ಪೂರ್ಣವಾಗಿ ಜೀರ್ಣವಾಗಿ ಲೆಕ್ಕದಿಂದ ತಪ್ಪಿಹೋಗಬಹುದು. ಹುಲ್ಲಿನ ಪಾಲು ಇದ್ದುದಕ್ಕಿಂತ ಹೆಚ್ಚಾಗಿ ಕಾಣಬಹುದು.

ಡಿಎನ್‌ಎ ಪರೀಕ್ಷೆ: ಹಿಕ್ಕೆಯಲ್ಲಿ ಉಳಿದ ಸಸ್ಯದ ಡಿಎನ್‌ಎ ಚೂರುಗಳನ್ನು ಬೇರ್ಪಡಿಸಿ, ಹರಿತ್ತಿನ ಕಣಗಳ ಒಂದು ಚಿಕ್ಕ ಭಾಗವನ್ನು ಪ್ರಯೋಗಾಲಯದಲ್ಲಿ ಅಸಂಖ್ಯ ಪ್ರತಿಗಳಾಗಿ ಹೆಚ್ಚಿಸಿ ಓದಲಾಗುತ್ತದೆ. ಅದನ್ನು ಈಗಾಗಲೇ ತಿಳಿದಿರುವ ಸಸ್ಯಗಳ ಡಿಎನ್‌ಎಗೆ ಹೋಲಿಸಿದಾಗ ಹಕ್ಕಿ ಯಾವ ಸಸ್ಯಗಳನ್ನು ತಿಂದಿದೆ ಎಂಬ ಪಟ್ಟಿ ದೊರೆಯುತ್ತದೆ. ಮೀನಿನ ಡಿಎನ್‌ಎಯನ್ನು ಹುಡುಕುವ ಪರೀಕ್ಷೆಯನ್ನೂ ಇದರ ಜೊತೆಗೆ ಮಾಡಬಹುದು. ಆದರೆ ಹಕ್ಕಿ ತಿಂದದ್ದು ಹೊಲದಲ್ಲಿ ನಿಂತ ಪೈರನ್ನೋ ರಾಶಿಯ ನಂತರ ಬಿದ್ದ ಕಾಳನ್ನೋ ಎಂಬುದನ್ನು ಡಿಎನ್‌ಎ ಹೇಳುವುದಿಲ್ಲ. ರೈತನಿಗೆ ಮುಖ್ಯವಾದ ಪ್ರಶ್ನೆ ಅದೇ.

ಸ್ಥಿರ ಐಸೋಟೋಪು ವಿಧಾನ: ಪ್ರಕೃತಿಯಲ್ಲಿ ಇಂಗಾಲದ ಎರಡು ಸ್ಥಿರ ರೂಪಗಳಿವೆ: ಇಂಗಾಲ-12 ಮತ್ತು ಅದಕ್ಕಿಂತ ಭಾರವಾದ ಇಂಗಾಲ-13. ಜೋಳ ಮತ್ತು ಗೋವಿನಜೋಳಗಳು ದ್ಯುತಿಸಂಶ್ಲೇಷಣೆ ನಡೆಸುವ ಕ್ರಮವು ಕಡಲೆ, ಶೇಂಗಾ, ಗೋದಿಗಳ ಕ್ರಮಕ್ಕಿಂತ ಭಿನ್ನ. ಆದ್ದರಿಂದ ಅಂತರರಾಷ್ಟ್ರೀಯ ಮಾನದಂಡಕ್ಕೆ ಹೋಲಿಸಿದಾಗ ಇಂಗಾಲ-13ರ ಪ್ರಮಾಣವು ಜೋಳದಲ್ಲಿ ಸಾವಿರಕ್ಕೆ ಸುಮಾರು 12ರಿಂದ 13 ಭಾಗ, ಕಡಲೆಯಂಥ ಬೆಳೆಗಳಲ್ಲಿ ಸುಮಾರು 27 ಭಾಗ ಕಡಿಮೆಯಿರುತ್ತದೆ. ತಿಂದ ಆಹಾರದ ಈ ಗುರುತು ಹಕ್ಕಿಯ ದೇಹಕ್ಕೂ ದಾಟುತ್ತದೆ. ದ್ವಿದಳ ಬೆಳೆಗಳು ಗಾಳಿಯ ಸಾರಜನಕವನ್ನು ಬಳಸಿಕೊಳ್ಳುವುದರಿಂದ ಸಾರಜನಕದ ಐಸೋಟೋಪುಗಳೂ ನೆರವಾಗುತ್ತವೆ. ಗರಿಕೆಯಂಥ ಹುಲ್ಲುಗಳ ಗುರುತು ಜೋಳದ ಗುರುತನ್ನೇ ಹೋಲುವುದರಿಂದ ಈ ವಿಧಾನವನ್ನು ಇತರ ವಿಧಾನಗಳೊಂದಿಗೆ ಸೇರಿಸಿಯೇ ಬಳಸಬೇಕಾಗುತ್ತದೆ.

ಯಾವ ಅಂಗಾಂಶವನ್ನು ಪರೀಕ್ಷಿಸಲಾಗುತ್ತಿದೆ ಎಂಬುದೂ ಇಲ್ಲಿ ಮುಖ್ಯ. ಗರಿ ಒಮ್ಮೆ ಬೆಳೆದ ಮೇಲೆ ಅದರ ರಾಸಾಯನಿಕ ರಚನೆ ಬದಲಾಗುವುದಿಲ್ಲ. ಹೆಬ್ಬಾತುಗಳ ರೆಕ್ಕೆಯ ಹಾರುಗರಿಗಳು ಬೇಸಿಗೆಯಲ್ಲಿ, ಮರಿಮಾಡುವ ಪ್ರದೇಶದಲ್ಲಿ ಉದುರಿ ಹೊಸದಾಗಿ ಬೆಳೆಯುತ್ತವೆ. ಆದ್ದರಿಂದ ಮಾಗಡಿಯ ದಂಡೆಯಲ್ಲಿ ಸಿಕ್ಕ ಹಾರುಗರಿಯು ಮಾಗಡಿಯ ಆಹಾರವನ್ನು ತಿಳಿಸುವುದಿಲ್ಲ. ಮಂಗೋಲಿಯಾ ಅಥವಾ ಟಿಬೆಟ್‌ನ ಹುಲ್ಲನ್ನು ತಿಳಿಸುತ್ತದೆ. ಇತ್ತೀಚಿನ ವಾರಗಳ ಆಹಾರಕ್ಕೆ ರಕ್ತದ ಮಾದರಿ, ಅದೇ ದಿನದ ಆಹಾರಕ್ಕೆ ಹಿಕ್ಕೆ ಸೂಕ್ತ.

ಕೊರಳಪಟ್ಟಿ ಮತ್ತು ಉಪಗ್ರಹ ಸಾಧನಗಳು: ಮಂಗೋಲಿಯಾದಲ್ಲಿ ವಿಜ್ಞಾನಿಗಳು ಹೆಬ್ಬಾತುಗಳ ಕೊರಳಿಗೆ ಅಕ್ಷರ ಮತ್ತು ಅಂಕಿಗಳಿರುವ ಪಟ್ಟಿಗಳನ್ನು ತೊಡಿಸಿದ್ದು, ಅಂಥ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿಯೂ ಕಾಣಿಸಿಕೊಂಡಿವೆ. 2005ರಲ್ಲಿ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರದಿಂದ ಸಾವಿರಾರು ಹಕ್ಕಿಗಳು ಸತ್ತವು. ಅವುಗಳಲ್ಲಿ ಪಟ್ಟೆತಲೆಯ ಹೆಬ್ಬಾತುಗಳೇ ಹೆಚ್ಚು. ಆ ಬಳಿಕ ಉಪಗ್ರಹ ಸಾಧನಗಳ ಮೂಲಕ ಇವುಗಳ ಸಂಚಾರದ ಅಧ್ಯಯನ ಚುರುಕುಗೊಂಡಿತು. ಇಂಥ ಅಧ್ಯಯನಗಳಲ್ಲಿ ದಾಖಲಾದ ಗರಿಷ್ಠ ಎತ್ತರ 7,290 ಮೀಟರ್. ಹಾರಾಟದ ಬಹುಪಾಲು ಅದಕ್ಕಿಂತ ಸಾಕಷ್ಟು ಕೆಳಗೆ, ಕಣಿವೆಗಳನ್ನು ಅನುಸರಿಸಿ ನಡೆಯುತ್ತದೆ. ಆಹಾರದ ಅಧ್ಯಯನಕ್ಕೂ ಈ ಸಾಧನಗಳು ಉಪಯುಕ್ತ. ರಾತ್ರಿ ಹಕ್ಕಿ ಯಾವ ಹೊಲದಲ್ಲಿತ್ತು ಎಂಬುದು ತಿಳಿದರೆ ಮರುದಿನ ಬೆಳಿಗ್ಗೆ ಅಲ್ಲಿಗೇ ಹೋಗಿ ಬೆಳೆಯನ್ನೂ ಹಿಕ್ಕೆಯನ್ನೂ ಪರಿಶೀಲಿಸಬಹುದು.

ಧ್ರುವ ಸಮುದ್ರಗಳಲ್ಲಿ ಇದೇ ಪ್ರಶ್ನೆ

ಇವೇ ವಿಧಾನಗಳು ಪ್ರಪಂಚದ ಇನ್ನೊಂದು ತುದಿಯಲ್ಲಿಯೂ ಬಳಕೆಯಲ್ಲಿವೆ. ಅಂಟಾರ್ಕ್ಟಿಕಾದ ವೆಡೆಲ್ ಸೀಲ್ ಹಿಮದ ಮೇಲೆ ಮಲಗಿರುವುದು ಎಲ್ಲರಿಗೂ ಕಾಣುತ್ತದೆ. ಆದರೆ ಅದು ಉಣ್ಣುವುದು ಹಿಮದಡಿಯ ಕತ್ತಲೆಯ ಕಡಲಿನಲ್ಲಿ. ವಿಜ್ಞಾನಿಗಳು ಅದರ ಮಲವನ್ನು ಜರಡಿ ಹಿಡಿದು ಮೀನುಗಳ ಕಿವಿಕಲ್ಲುಗಳನ್ನೂ ಸ್ಕ್ವಿಡ್‌ಗಳ ಕೊಕ್ಕುಗಳನ್ನೂ ಆರಿಸುತ್ತಾರೆ. ಕಿವಿಕಲ್ಲಿನ ಆಕಾರದಿಂದ ಮೀನಿನ ಜಾತಿಯನ್ನು, ಅಳತೆಯಿಂದ ಮೀನಿನ ಗಾತ್ರವನ್ನು ಅಂದಾಜಿಸುತ್ತಾರೆ. ಸೀಲ್‌ನ ಮೀಸೆಯ ಐಸೋಟೋಪುಗಳು ಹಲವು ತಿಂಗಳುಗಳ ಆಹಾರದ ದಾಖಲೆ. ಬೆನ್ನಿಗೆ ಅಂಟಿಸಿದ ಸಾಧನಗಳು ಮುಳುಗಿದ ಆಳವನ್ನು ತಿಳಿಸುತ್ತವೆ. ಅಲ್ಲಿಯೂ ಚಿಕ್ಕ ಕಿವಿಕಲ್ಲುಗಳು ಹೊಟ್ಟೆಯಲ್ಲಿ ಕರಗಿ ಲೆಕ್ಕ ತಪ್ಪುವ ದೋಷವಿದೆ. ಒಂದು ವಿಧಾನದ ಕೊರತೆಯನ್ನು ಇನ್ನೊಂದರಿಂದ ತುಂಬಿಕೊಳ್ಳುವುದು ಎರಡೂ ಕಡೆಯ ಕ್ರಮ.

ರೈತರು ಮತ್ತು ಹೆಬ್ಬಾತುಗಳು

ಹೆಬ್ಬಾತುಗಳು ಹೊಲದಲ್ಲಿ ಮೇಯುವುದರಿಂದ ಬೆಳೆಹಾನಿಯ ಪ್ರಶ್ನೆ ಬರುತ್ತದೆ. ಕಿತ್ತ ಹೊಲದಲ್ಲಿ ಉಳಿದ ಶೇಂಗಾ ಕಾಯಿಯನ್ನು ತಿಂದರೆ ರೈತನಿಗೆ ಹೆಚ್ಚಿನ ನಷ್ಟವಿಲ್ಲ. ಎಳೆಯ ಕಡಲೆಯನ್ನು ಬುಡಸಹಿತ ಕಿತ್ತರೆ ನಷ್ಟವಿದೆ. ಇದನ್ನು ಅಳೆಯಲು ಹೊಲದ ಕೆಲವು ಚೌಕಗಳಿಗೆ ಬಲೆಯ ಗೂಡು ಹಾಕಿ ಹಕ್ಕಿ ಪ್ರವೇಶಿಸದಂತೆ ಮಾಡುತ್ತಾರೆ. ಪಕ್ಕದಲ್ಲಿಯೇ ಅಷ್ಟೇ ಅಳತೆಯ ತೆರೆದ ಚೌಕಗಳನ್ನು ಗುರುತಿಸುತ್ತಾರೆ. ಕೊಯ್ಲಿನಲ್ಲಿ ಎರಡರ ಇಳುವರಿಯನ್ನು ತೂಗಿ ನೋಡಿದಾಗ ನಷ್ಟದ ನಿಜವಾದ ಪ್ರಮಾಣ ತಿಳಿಯುತ್ತದೆ. ಪೈರು ಎಳೆಯದಿದ್ದಾಗ ತುದಿ ಮೇಯ್ದ ಗಿಡಗಳು ಮತ್ತೆ ಚಿಗುರಿ ಚೇತರಿಸಿಕೊಳ್ಳುವುದೂ ಉಂಟು. ಆದ್ದರಿಂದ ಹಕ್ಕಿ ಇಳಿದ ಮರುದಿನ ಕಣ್ಣಿಗೆ ಕಾಣುವ ಹಾನಿಯೂ ಸುಗ್ಗಿಯಲ್ಲಿ ಉಳಿಯುವ ಹಾನಿಯೂ ಒಂದೇ ಆಗಿರಬೇಕೆಂದಿಲ್ಲ. ಹಾನಿ ಸಾಬೀತಾದಲ್ಲಿ ಪರಿಹಾರವನ್ನು ನ್ಯಾಯವಾಗಿ ನಿರ್ಧರಿಸಲು ಇಂಥ ಅಳತೆ ಅಗತ್ಯ.

ಹಕ್ಕಿಗಳಿಂದ ಭೂಮಿಗೆ ಮರಳುವುದೂ ಇದೆ. ಹೊಲದಲ್ಲಿ ಮೇಯ್ದ ಹೆಬ್ಬಾತುಗಳು ಹಿಕ್ಕೆಯ ಮೂಲಕ ಸಾರಜನಕ ಮತ್ತು ರಂಜಕವನ್ನು ಹೊಲಕ್ಕೂ ಕೆರೆಗೂ ಸೇರಿಸುತ್ತವೆ. ಬೇಸಿಗೆಯಲ್ಲಿ ಕೆರೆಯ ಹೂಳನ್ನು ಹೊಲಕ್ಕೆ ಹೇರುವ ಪದ್ಧತಿ ಇರುವ ಕಡೆ ಅದು ಮತ್ತೆ ಬೆಳೆಗೆ ಗೊಬ್ಬರವಾಗುತ್ತದೆ. ನೀರು ಕಡಿಮೆಯಿರುವ ವರ್ಷಗಳಲ್ಲಿ ಇದೇ ಪೋಷಕಾಂಶಗಳು ಅತಿಯಾಗಿ ಪಾಚಿ ಬೆಳೆಯಲು ಕಾರಣವಾಗಬಹುದು.

ಸಂರಕ್ಷಣೆ

ರಾಮ್ಸರ್ ಮಾನ್ಯತೆಯು ಕೆರೆಯ ಅಂಗಳವನ್ನು ರಕ್ಷಿಸಲು ನೆರವಾಗುತ್ತದೆ. ಆದರೆ ಹೆಬ್ಬಾತುಗಳ ಮೇವಿನ ಹೊಲಗಳು ಖಾಸಗಿ ಭೂಮಿ. ಅಲ್ಲಿ ಏನು ಬೆಳೆಯಬೇಕು ಎಂಬುದು ರೈತರ ನಿರ್ಧಾರ. ಶೇಂಗಾ, ಕಡಲೆ, ಜೋಳಗಳ ಬದಲು ಹಕ್ಕಿ ತಿನ್ನಲಾರದ ಬೆಳೆಗಳು ಹೆಚ್ಚಿದರೆ ಕೆರೆಯಲ್ಲಿ ನೀರು ತುಂಬಿದ್ದರೂ ಮೇವು ಕಡಿಮೆಯಾಗುತ್ತದೆ. ವಿಷ ಲೇಪಿಸಿದ ಬಿತ್ತನೆ ಬೀಜ ಮಣ್ಣಿನ ಮೇಲೆ ಉಳಿದರೆ ಕಾಳು ತಿನ್ನುವ ಹಕ್ಕಿಗಳಿಗೆ ಅಪಾಯ. ಬೀಜವನ್ನು ಸರಿಯಾಗಿ ಮುಚ್ಚುವುದು ಮತ್ತು ಚೆಲ್ಲಿದ ಬೀಜವನ್ನು ಆರಿಸಿ ತೆಗೆಯುವುದು ಸರಳ ಪರಿಹಾರ. ಮಳೆ ಕೈಕೊಟ್ಟ ವರ್ಷ ಕೆರೆಯೂ ಹೊಲವೂ ಒಟ್ಟಿಗೆ ಬರಿದಾಗುವುದರಿಂದ ಲಕ್ಷ್ಮೇಶ್ವರ ಸಮೀಪದ ಶೆಟ್ಟಿಕೇರಿಯಂಥ ಸುತ್ತಲಿನ ಕೆರೆಗಳ ರಕ್ಷಣೆಯೂ ಮಹತ್ವದ್ದು.

ಪ್ರತಿವರ್ಷ ಜನವರಿಯಲ್ಲಿ ನಡೆಯುವ ಏಷ್ಯಾದ ಜಲಪಕ್ಷಿ ಗಣತಿಯು 1987ರಲ್ಲಿ ಆರಂಭವಾಯಿತು. ಸ್ವಯಂಸೇವಕರೇ ನಡೆಸುವ ಈ ಗಣತಿಯಿಂದ ಕೆರೆಗಳಲ್ಲಿ ಎಷ್ಟು ಹಕ್ಕಿಗಳಿವೆ ಎಂಬುದು ತಿಳಿಯುತ್ತದೆ. ಅವು ಯಾವ ಹೊಲಕ್ಕೆ ಹೋಗಿ ಏನು ತಿನ್ನುತ್ತವೆ ಎಂಬ ದಾಖಲೆಯೂ ಅದರೊಂದಿಗೆ ಸೇರಿದಾಗ, ಒಂದು ವರ್ಷ ಹಕ್ಕಿಗಳು ಕಡಿಮೆಯಾದರೆ ಕಾರಣ ಕೆರೆಯಲ್ಲಿದೆಯೋ ಹೊಲದಲ್ಲಿದೆಯೋ ಎಂಬುದನ್ನು ನಿರ್ಣಯಿಸಲು ಸಾಧ್ಯವಾಗುತ್ತದೆ.